‘ಎಂಟರ್‌ಪ್ರೈಸ್’ ಕೊನೆಯ ಎಪಿಸೋಡ್ ಅಪ್ಪನಿಗೆ ತೋರಿಸಲೋ ಬೇಡವೋ?

ಪ್ರಶ್ನೆ: ಪಾತಾಳಗರಡಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಸ್ಟಾರ್ ಟ್ರೆಕ್ (ಬಾಹ್ಯಾಕಾಶ ಹಡಗುಗಳ ಕಥೆ ಹೇಳುವ ಅಮೆರಿಕದ ಟಿವಿ ಸರಣಿಗಳು) ನೋಡಿದವರು ಸುಮಾರು ಜನ ಇದ್ದೀರಿ, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಅದರಲ್ಲಿ ‘ಎಂಟರ್‌ಪ್ರೈಸ್’ ಸರಣಿ ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸಿ. ಕೊನೆಯಲ್ಲಿ ಏನಾಗುತ್ತದೆ ಅನ್ನೋದೆಲ್ಲ ಮುಂದೆ ಇದೆ.

ಐದು ತಿಂಗಳಿಂದ ಅಪ್ಪ ಮತ್ತು ನಾನು ಇದನ್ನು ನೋಡುತ್ತಿದ್ದೇವೆ. ಅಪ್ಪನಿಗೆ 71. ದಾವಣಗೆರೆಯಲ್ಲಿ 38 ವರ್ಷ ಡೀಸೆಲ್ ಪಂಪ್ ರಿಪೇರಿ ಮಾಡಿದವರು. ಮೊಣಕಾಲು ಆಪರೇಷನ್ ಆದ ಮೇಲೆ ಮನೆಯಲ್ಲೇ ಕೂತು ತುಂಬಾ ಬೇಜಾರು ಮಾಡಿಕೊಂಡಿದ್ದರು. ಇಂಗ್ಲಿಷ್ ಅರ್ಧ ತಿಳಿಯುತ್ತದೆ. ಉಳಿದರ್ಧವನ್ನು ನಾನು ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತೇನೆ. ಮುಕ್ಕಾಲು ಗಂಟೆಯ ಎಪಿಸೋಡ್ ನಮಗೆ ಒಂದೂಕಾಲು ಗಂಟೆ ಹಿಡಿಯುತ್ತದೆ.

ಇದನ್ನೇ ಯಾಕೆ ಆರಿಸಿದೆ ಅಂದರೆ, ಇದಕ್ಕೆ ಹಿಂದಿನದೇನೂ ಗೊತ್ತಿರಬೇಕಾಗಿಲ್ಲ. ಬಂದದ್ದು 2001ರಲ್ಲಿ, ಆದರೆ ಕಥೆ ನಡೆಯೋದು 2151ರಲ್ಲಿ. ಮೊಟ್ಟಮೊದಲ ಸ್ಟಾರ್ ಟ್ರೆಕ್‌ನ ಕರ್ಕ್, ಸ್ಪಾಕ್ ಇನ್ನೂ ಹುಟ್ಟೇ ಇಲ್ಲ. ಮೊದಲ ಎಪಿಸೋಡ್ ಶುರುವಾಗೋದೇ ಒಬ್ಬ ಚಿಕ್ಕ ಹುಡುಗ ಅಪ್ಪನ ಜೊತೆ ಕೂತು ಆಟಿಕೆ ಹಡಗಿಗೆ ಬಣ್ಣ ಬಳಿಯುವುದರಿಂದ. ಆ ಹುಡುಗನೇ ಮುಂದೆ ಕ್ಯಾಪ್ಟನ್ ಆರ್ಚರ್. ಅವನ ಅಪ್ಪ ಬೆಳಕಿಗಿಂತ ವೇಗವಾಗಿ ಓಡುವ ವಾರ್ಪ್ 5 ಎಂಜಿನ್ ರೂಪಿಸಿದವನು. ವಲ್ಕನ್ನರು, ಅಂದರೆ ಸ್ಪಾಕ್‌ನ ಅನ್ಯಗ್ರಹದ ಜನ, ನೆರವು ಕೊಡದೆ ತಡ ಮಾಡಿದ್ದರಿಂದ ಆ ಎಂಜಿನ್ ಹಾರಿದ್ದನ್ನು ನೋಡದೆಯೇ ತೀರಿಕೊಂಡ. ನಾನು ಇದನ್ನು ಹೇಳಿದಾಗ ಅಪ್ಪ ಕಾಲು ಮಡಚಿ ನೆಟ್ಟಗೆ ಕೂತರು. ಆಮೇಲೆ ಒಂದು ರಾತ್ರಿಯೂ ತಪ್ಪಿಸಿಲ್ಲ.

ನನ್ನ ಮಟ್ಟಿಗೆ ಈ ಸರಣಿಯ ಜೀವ ಇರೋದು ಒಂದೇ ಕಡೆ: ಇಲ್ಲಿ ಯಾವುದೂ ಇನ್ನೂ ಸರಿಯಾಗಿ ಕೆಲಸ ಮಾಡಲ್ಲ. ಬೇರೆ ಸರಣಿಗಳಲ್ಲಿ ಗುಂಡಿ ಒತ್ತಿದರೆ ಹಡಗಿನ ಸುತ್ತ ಕವಚ ಎದ್ದು ನಿಲ್ಲುತ್ತದೆ. ಇಲ್ಲಿ ಹೊರಗಿನ ತಗಡಿಗೇ ಕರೆಂಟ್ ಹಾಯಿಸಿ ಗಟ್ಟಿ ಮಾಡಿಕೊಳ್ಳಬೇಕು. ಮನುಷ್ಯರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳಿಸುವ ಟ್ರಾನ್ಸ್‌ಪೋರ್ಟರ್ ಇದೆ, ಆದರೆ ಅದರೊಳಗೆ ನಿಲ್ಲೋಕೆ ಎಲ್ಲರಿಗೂ ಭಯ. ಬಿರುಗಾಳಿಗೆ ಸಿಕ್ಕಿಕೊಂಡ ಒಬ್ಬನನ್ನು ಹಾಗೆ ಎತ್ತಿಕೊಂಡಾಗ ಎಲೆ, ಕಸ ಎಲ್ಲ ಅವನ ಚರ್ಮದೊಳಗೇ ಸೇರಿಕೊಂಡು ಬರುತ್ತದೆ. ಇನ್ನೊಂದು ಹಡಗನ್ನು ಎಳೆಯಲು ಕಿರಣ ಗಿರಣ ಇಲ್ಲ. ಹಗ್ಗ ಬಿಟ್ಟು ಕೊಕ್ಕೆ ಹಾಕಿ ಹಿಡಿಯಬೇಕು. ಅದನ್ನು ನೋಡಿ ಅಪ್ಪ, ‘ಇದು ನಮ್ಮ ಬಾವಿಯ ಪಾತಾಳಗರಡಿ ಕಣಮ್ಮಾ’ ಅಂದರು. ಬಿದ್ದ ಕೊಡ ತೆಗೆಯೋಕೆ ಅಜ್ಜಿ ಮನೆಯಲ್ಲಿ ಒಂದು ಇತ್ತು. ನನ್ನ ಹೆಸರೂ ಇಲ್ಲಿ ಅದೇ ಆಯಿತು.

ಅಪ್ಪನಿಗೆ ಪ್ರಾಣ ಅಂದರೆ ಟ್ರಿಪ್, ಹಡಗಿನ ಎಂಜಿನಿಯರ್. ಕಮಾಂಡರ್ ಆಗಿಯೂ ತಾನೇ ಎಂಜಿನ್ ಕೆಳಗೆ ನುಗ್ಗುತ್ತಾನೆ, ಕೈ ಮಸಿ ಮಾಡಿಕೊಳ್ಳುತ್ತಾನೆ. ಮೂರನೇ ಸೀಸನ್‌ನಲ್ಲಿ ಟ್ರಿಪ್ ಕೋಮಾಗೆ ಹೋಗುತ್ತಾನೆ. ಅವನನ್ನು ಉಳಿಸಲು ಡಾಕ್ಟರ್ ಫ್ಲಾಕ್ಸ್ ಅವನದೇ ಒಂದು ಪ್ರತಿ ಬೆಳೆಸುತ್ತಾರೆ. ಆ ಪ್ರತಿಯ ಪೂರ್ತಿ ಆಯಸ್ಸು ಬರೀ 15 ದಿನ. ಮಗು, ಹುಡುಗ, ಗಂಡಸು, ಎಲ್ಲ ಆಗಿ, ಟ್ರಿಪ್‌ನ ನೆನಪುಗಳೂ ಇಟ್ಟುಕೊಂಡು, ಸಿಕ್ಕಿಹಾಕಿಕೊಂಡ ಹಡಗನ್ನು ಬಿಡಿಸುವ ಉಪಾಯವನ್ನೂ ಅವನೇ ಹೇಳಿ ಸಾಯಲು ಒಪ್ಪುತ್ತಾನೆ. ಆ ರಾತ್ರಿ ಅಪ್ಪ ಊಟ ಅರ್ಧಕ್ಕೇ ಬಿಟ್ಟು ಎದ್ದರು. ಕೈ ತೊಳೆದು ಬಂದು, ‘ಸತ್ತವನೂ ಟ್ರಿಪ್ಪೇ ಅಲ್ವಾ’ ಅಂದರು. ನನಗೆ ಅನುವಾದ ಮಾಡಲು ಗಂಟಲು ಬರಲಿಲ್ಲ.

ಈಗ 98 ಎಪಿಸೋಡ್‌ಗಳಲ್ಲಿ 95 ಮುಗಿದಿವೆ. ಕೊನೆಯದರಲ್ಲಿ ಟ್ರಿಪ್ ಸಾಯುತ್ತಾನೆ. ನಾನು ವರ್ಷಗಳ ಹಿಂದೆ ನೋಡಿದ್ದೆ, ಇವತ್ತಿಗೂ ಅದು ಒಳಗೆ ಚುಚ್ಚುತ್ತದೆ. ಅಪ್ಪನಿಗೆ ತೋರಿಸಲಾ, ಇಲ್ಲ ಒಂದು ಎಪಿಸೋಡ್ ಹಿಂದೆಯೇ ನಿಲ್ಲಿಸಲಾ? ಜೊತೆಗೆ ಇನ್ನೊಂದು: ಅಪ್ಪನ ಜೊತೆ ನೋಡಿದ್ದಕ್ಕೆ ನನಗೆ ಈ ಸರಣಿ ಇಷ್ಟು ಚೆನ್ನಾಗಿ ಕಾಣುತ್ತಿದೆಯಾ, ಅಥವಾ ನಿಜಕ್ಕೂ ಚೆನ್ನಾಗಿದೆಯಾ? ನಿಮಗೆ ಅನ್ನಿಸಿದ್ದನ್ನು ಮುಚ್ಚುಮರೆ ಇಲ್ಲದೆ ಹೇಳಿ.

ಉತ್ತರ: ರಾತ್ರಿಪಾಳಿ

ತೋರಿಸಬೇಡಿ. ನಾನು ಎಲ್ಲರಿಗೂ ಇದನ್ನೇ ಹೇಳೋದು.

ಕೊನೆಯ ಎಪಿಸೋಡ್ ಈ ಸರಣಿಯದೇ ಅಲ್ಲ. ಕಥೆಯಲ್ಲಿ ಇನ್ನೂರು ವರ್ಷ ಆಮೇಲಿನ, ಆದರೆ ಟಿವಿಯಲ್ಲಿ ಮೊದಲೇ ಬಂದಿದ್ದ ‘ನೆಕ್ಸ್ಟ್ ಜನರೇಷನ್’ ಸರಣಿಯ ಹಡಗಿನಲ್ಲಿ ರೈಕರ್ ಅನ್ನುವವನು ತನ್ನ ಒಂದು ಸಮಸ್ಯೆಗೆ ಉತ್ತರ ಹುಡುಕಲು ಹೋಲೋಡೆಕ್‌ನಲ್ಲಿ (ಬೇಕಾದ ದೃಶ್ಯವನ್ನು ನಿಜದಂತೆ ಸೃಷ್ಟಿಸುವ ಕೋಣೆ) ಆರ್ಚರ್ ತಂಡದ ಕಥೆಯನ್ನು ಆಡಿಸಿ ನೋಡುತ್ತಾನೆ. ನಾಲ್ಕು ವರ್ಷ ನಾವು ಜೊತೆಗಿದ್ದವರು ಕೊನೆಗೆ ಇನ್ನೊಬ್ಬರ ಮನೆಯಲ್ಲಿ ಬೊಂಬೆಯಾಟದ ಬೊಂಬೆಗಳಾದರು. ಮೇಲಾಗಿ, ಆ ಹಳೆಯ ಸರಣಿಯ 1994ರ ಒಂದು ಎಪಿಸೋಡ್ ಮಧ್ಯೆಯೇ ಇದು ನಡೆಯಿತು ಅಂತ ತೋರಿಸುತ್ತಾರೆ. ಇದನ್ನು ತೆಗೆದದ್ದು 2005ರಲ್ಲಿ. ಆ ನಟ ನಟಿಯರ ಮುಖದಲ್ಲಿ ಹನ್ನೊಂದು ವರ್ಷ ಎದ್ದು ಕಾಣುತ್ತದೆ.

ಟ್ರಿಪ್ ಸಾವಿಗೆ ಕಥೆಯಲ್ಲಿ ಕಾರಣವೇ ಇಲ್ಲ. ಯಾರೋ ಕೆಲವರು ಹಡಗಿಗೆ ನುಗ್ಗುತ್ತಾರೆ, ಅವನು ತಾನೇ ಸ್ಫೋಟ ಮಾಡಿಕೊಂಡು ಅವರನ್ನು ತಡೆಯುತ್ತಾನೆ. ಇದಕ್ಕಿಂತ ಹತ್ತು ಪಟ್ಟು ದೊಡ್ಡ ಆಪತ್ತನ್ನು ಅವರು ತಿಂಗಳಿಗೊಂದು ದಾಟಿದ್ದಾರೆ. ಅದರ ಹಿಂದಿನ ಎಪಿಸೋಡ್ ‘ಟೆರ್ರಾ ಪ್ರೈಮ್’ಗೆ ನಿಲ್ಲಿಸಿ. ನನ್ನ ಲೆಕ್ಕದಲ್ಲಿ ಸರಣಿ ಅಲ್ಲಿಗೇ ಮುಗಿಯಿತು.

ಉತ್ತರ: ಘಟ್ಟದ ಕೆಳಗೆ

ಕೊನೆಯ ಎಪಿಸೋಡ್ ಒಂದನ್ನೇ ಬೈದರೆ ಸಾಲದು. ಮೊದಲೆರಡು ಸೀಸನ್‌ಗಳಲ್ಲೇ ತುಂಬಾ ತಪ್ಪಿದೆ.

ಪ್ರೀಕ್ವೆಲ್, ಅಂದರೆ ಹಿಂದಿನ ಕಾಲದ ಕಥೆ, ಅಂದ ಮೇಲೆ ಹಳೆಯ ಕಾಲ ಕಾಣಿಸಬೇಕು ತಾನೇ? ಮೊದಲ ಎಪಿಸೋಡ್‌ನಲ್ಲೇ ಭವಿಷ್ಯದಿಂದ ಒಬ್ಬ ಬಂದು ಸುಲಿಬಾನ್ ಅನ್ನುವ ಅನ್ಯಗ್ರಹದ ಜನಕ್ಕೆ ಆಜ್ಞೆ ಕೊಡುತ್ತಾನೆ. ಕಾಲದೊಳಗಿನ ಯುದ್ಧವಂತೆ. ಅವನು ಯಾರು ಅಂತ 98 ಎಪಿಸೋಡ್ ಮುಗಿದರೂ ಹೇಳಲಿಲ್ಲ. ಆಮೇಲೆ ಬೇರೆ ಅನ್ಯಗ್ರಹದವರು, ಫೆರೆಂಗಿ ಬಂದರು, ಬೋರ್ಗ್ ಬಂದರು. ಇವರನ್ನೆಲ್ಲ ಮನುಷ್ಯರು ಮೊದಲು ಕಂಡದ್ದು ರೈಕರ್‌ನ ಕ್ಯಾಪ್ಟನ್ ಪಿಕಾರ್ಡ್ ಕಾಲದಲ್ಲಿ. ಅದನ್ನು ಮುರಿಯಬಾರದು ಅಂತ ಫೆರೆಂಗಿ ತಮ್ಮ ಹೆಸರೇ ಹೇಳದೆ ಹೋಗುವ ಹಾಗೆ ಮಾಡಿದರು. ಹಾಗೆ ಒದ್ದಾಡುವ ಬದಲು ಅವರನ್ನು ಕರೆತರದೇ ಇದ್ದರೆ ಆಗುತ್ತಿತ್ತು.

ಇನ್ನು ಆ ಸೋಂಕು ತೆಗೆಯುವ ಕೋಣೆ. ಹಡಗಿನ ವಲ್ಕನ್ ಅಧಿಕಾರಿ ಟಿಪಾಲ್ ಪಾತ್ರ ಮಾಡಿದ ಜೋಲೀನ್ ಬ್ಲಾಲಕ್ ಅಷ್ಟು ಒಳ್ಳೆಯ ನಟಿ. ಅವರಿಂದ ಮೈಗೆ ಜೆಲ್ ಹಚ್ಚಿಸಿಕೊಳ್ಳುವ ದೃಶ್ಯ ಮಾಡಿಸಿದ್ದಾರೆ. ನನ್ನ ತಂಗಿ ಮೊದಲ ದಿನವೇ ಅದನ್ನು ನೋಡಿ ಎದ್ದು ಹೋದಳು, ಮತ್ತೆ ಬರಲಿಲ್ಲ. ಅವಳು ಮಾಡಿದ್ದು ಸರಿ.

ವಲ್ಕನ್ನರ ವಿಷಯವೂ ನನಗೆ ನೋವು. ಸ್ಪಾಕ್‌ನನ್ನು ನೋಡಿ ಬೆಳೆದವನು ನಾನು. ಇಲ್ಲಿ ಅವರು ಸುಳ್ಳು ಹೇಳುತ್ತಾರೆ, ಮಠದ ಕೆಳಗೆ ಕದ್ದು ಕೇಳುವ ಯಂತ್ರ ಬಚ್ಚಿಡುತ್ತಾರೆ. ಸ್ಪಾಕ್‌ನ ಜನ ಹೀಗಾ?

ಉತ್ತರ: ಮೂರು ಭಾಷೆ

ನಾನು ಮಂಗಳೂರಿನಲ್ಲಿ ನರ್ಸ್. ನಮ್ಮ ವಾರ್ಡಿನಲ್ಲಿ ದಿನಾ ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಕನ್ನಡ ಎಲ್ಲ ನಡೆಯುತ್ತದೆ. ಹಾಗಾಗಿ ನನಗೆ ಈ ಸರಣಿ ಅಂದರೆ ಹಡಗಿನ ದುಭಾಷಿ ಹೋಶಿ.

ಬೇರೆ ಎಲ್ಲ ಸರಣಿಗಳಲ್ಲಿ ಯಂತ್ರವೇ ಭಾಷೆ ತಿರುಗಿಸಿಬಿಡುತ್ತದೆ. ಇಲ್ಲಿ ಆ ಯಂತ್ರ ಇನ್ನೂ ಕಲಿಯುತ್ತಿದೆ, ಅದಕ್ಕೊಬ್ಬ ಭಾಷೆ ಬಲ್ಲವಳು ಬೇಕು. ಶುರುವಿನಲ್ಲೇ ಒಂದು ಎಪಿಸೋಡ್ ಇದೆ. ತೇಲುತ್ತಿರುವ ಹಡಗೊಂದರಲ್ಲಿ ಹೆಣಗಳನ್ನು ತಲೆಕೆಳಗಾಗಿ ನೇತು ಹಾಕಿರುತ್ತಾರೆ. ಹೋಶಿ ಕಿರುಚುತ್ತಾಳೆ, ಈ ಕೆಲಸ ನನ್ನ ಕೈಲಾಗಲ್ಲ ಅನ್ನುತ್ತಾಳೆ. ಕೊನೆಗೆ ಸತ್ತವರ ಕಡೆಯವರು ಬಂದು, ಇವರೇ ಕೊಂದಿದ್ದಾರೆ ಅಂದುಕೊಳ್ಳುತ್ತಾರೆ. ಯಂತ್ರ ಕೈ ಕೊಡುತ್ತದೆ. ಆಗ ಹೋಶಿ ಗೊತ್ತಿರುವ ನಾಲ್ಕು ಮಾತು ಹಿಡಿದುಕೊಂಡು ಬಾಯಲ್ಲೇ ಮಾತಾಡುತ್ತಾಳೆ. ವ್ಯಾಕರಣ ತಪ್ಪುತ್ತಿದೆ ಅಂತ ಅವಳಿಗೇ ಗೊತ್ತು, ಆದರೂ ನಿಲ್ಲಿಸಲ್ಲ.

ನೋವು ಎಲ್ಲಿದೆ ಅಂತ ನನಗೆ ಬಾರದ ಭಾಷೆಯಲ್ಲಿ ಒಬ್ಬ ಅಜ್ಜಿಯನ್ನು ಕೇಳುವಾಗ ನನಗೂ ಹಾಗೆಯೇ ಆಗುತ್ತದೆ. ಬೇಸರ ಏನಂದರೆ, ಆಮೇಲಿನ ಸೀಸನ್‌ಗಳಲ್ಲಿ ಹೋಶಿಗೂ ಪೈಲಟ್ ಮೇವೆದರ್‌ಗೂ ಮಾತೇ ಕೊಡಲಿಲ್ಲ. ಆರ್ಚರ್, ಟಿಪಾಲ್, ಟ್ರಿಪ್ ಮೂವರ ಸುತ್ತವೇ ಕಥೆ ಸುತ್ತಿತು. ನನ್ನ ಪ್ರಕಾರ ಜೆಲ್ಲಿಗಿಂತ ದೊಡ್ಡ ತಪ್ಪು ಅದು.

ನಿಮ್ಮ ಅಪ್ಪನ ವಿಷಯ: ಅವರಿಗೆ 71. ಏನು ನೋಡಬೇಕು ಅಂತ ಅವರನ್ನೇ ಕೇಳಿ.

ಪ್ರಶ್ನೆ ಕೇಳಿದವರು: ಪಾತಾಳಗರಡಿ

ಎಲ್ಲರಿಗೂ ಥ್ಯಾಂಕ್ಸ್. ‘ಘಟ್ಟದ ಕೆಳಗೆ’ ಅವರೇ, ಜೆಲ್ ವಿಷಯದಲ್ಲಿ ನಿಮ್ಮ ತಂಗಿ ಪರ ನಾನೂ. ಆ ದೃಶ್ಯಗಳನ್ನು ನಾನು ಅಪ್ಪನ ಮುಂದೆ ಓಡಿಸಿಬಿಟ್ಟೆ. ಫೆರೆಂಗಿ, ಬೋರ್ಗ್ ವಿಷಯವೂ ಒಪ್ಪಿದೆ. ಈ ಸರಣಿ ಸೋತದ್ದೆಲ್ಲ ಮುಂದಿನವರ ಮನೆಯಿಂದ ಸಾಲ ತಂದಾಗ. ಕೊನೆಯ ಎಪಿಸೋಡ್ ಆ ಸಾಲದಲ್ಲೇ ದೊಡ್ಡದು.

ವಲ್ಕನ್ನರ ವಿಷಯ ಮಾತ್ರ ಒಪ್ಪಲಾರೆ. ನಾಲ್ಕನೇ ಸೀಸನ್‌ನ ಮೂರು ವಲ್ಕನ್ ಎಪಿಸೋಡ್‌ಗಳನ್ನು ದಯವಿಟ್ಟು ಇನ್ನೊಮ್ಮೆ ನೋಡಿ. ವಲ್ಕನ್ನರ ಆದಿಗುರು ಸುರಾಕ್‌ನ ಮೂಲ ಬರಹ ಕಳೆದುಹೋಗಿದೆ, ಆಳುವವರು ದಾರಿ ತಪ್ಪಿದ್ದಾರೆ. ಅದು ಮತ್ತೆ ಸಿಕ್ಕಾಗ ಆಡಳಿತ ಮಂಡಳಿಯೇ ಮುರಿದು ಬೀಳುತ್ತದೆ. ನೀವು ಪ್ರೀತಿಸುವ ಸ್ಪಾಕ್‌ನ ಜನ ತಾನಾಗಿ ಹಾಗೆ ಆದವರಲ್ಲ, ಕಷ್ಟಪಟ್ಟು ಹಾಗೆ ಆದರು. ಪ್ರೀಕ್ವೆಲ್ ಮಾಡಬೇಕಾದ ಕೆಲಸ ಇದೇ ಅಲ್ವಾ? ಆ ಸೀಸನ್‌ನ ಬರವಣಿಗೆ, ನಿರ್ಮಾಣದ ಹೊಣೆ ಹೊತ್ತವರು ಮ್ಯಾನಿ ಕೋಟೋ. ಆ ಹೊತ್ತಿಗೆ ನೋಡುವವರು ಕಡಿಮೆಯಾಗಿದ್ದರು. 1987ರಿಂದ ಬಿಡುವಿಲ್ಲದೆ ಟಿವಿಯಲ್ಲಿ ಸ್ಟಾರ್ ಟ್ರೆಕ್ ಬರುತ್ತಿತ್ತು, ಅದು 2005ರಲ್ಲಿ ಇದರ ಜೊತೆಗೇ ನಿಂತಿತು. ಇನ್ನೊಂದೆರಡು ವರ್ಷ ಸಿಕ್ಕಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

ಮೂರನೇ ಸೀಸನ್ ಬಗ್ಗೆ ಯಾರೂ ಮಾತಾಡಲಿಲ್ಲ. ಝಿಂಡಿ ಅನ್ನುವ ಅನ್ಯಗ್ರಹದವರ ದಾಳಿಯಲ್ಲಿ ಭೂಮಿಯ 70 ಲಕ್ಷ ಜನ ಸತ್ತಿದ್ದಾರೆ, ಟ್ರಿಪ್‌ನ ತಂಗಿಯೂ ಸೇರಿ. ಸರಣಿ ಶುರುವಾದದ್ದು ನ್ಯೂಯಾರ್ಕ್ ಗೋಪುರಗಳು ಬಿದ್ದ ಎರಡೇ ವಾರಕ್ಕೆ. ಆಗಿನ ಅಮೆರಿಕದ ಸಿಟ್ಟು, ದುಃಖ ಎರಡೂ ಈ ಸೀಸನ್‌ನಲ್ಲಿ ಇದೆ. ಆರ್ಚರ್ ಒಬ್ಬ ಕೈದಿಯ ಬಾಯಿ ಬಿಡಿಸಲು ಕೋಣೆಯ ಗಾಳಿ ಹೊರಗೆ ಬಿಡುತ್ತಾನೆ. ಆಮೇಲೆ ಹಡಗು ಕೆಟ್ಟು ನಿಂತಾಗ, ಏನೂ ತಪ್ಪು ಮಾಡದ ಇಲಿರಿಯನ್ ಜನರ ಹಡಗಿನಿಂದ ಎಂಜಿನ್ನಿನ ಮುಖ್ಯ ಭಾಗ ವಾರ್ಪ್ ಕಾಯಿಲ್ ಕದಿಯುತ್ತಾನೆ. ಅದಿಲ್ಲದೆ ಅವರು ಊರು ಮುಟ್ಟೋಕೆ ಮೂರು ವರ್ಷ. ಅಪ್ಪ ಅಲ್ಲಿ ನಿಲ್ಲಿಸು ಅಂದರು. ‘ದಾರೀಲಿ ಕೆಟ್ಟು ನಿಂತ ಗಾಡಿಯಿಂದ ಪಂಪ್ ಬಿಚ್ಚಿಕೊಂಡು ಹೋದ ಹಾಗೆ. ಅಂಥವನಿಗೆ ನಾನು ರಿಪೇರಿ ಮಾಡಿಕೊಡ್ತಿರಲಿಲ್ಲ.’ ಆರ್ಚರ್ ಮೇಲೆ ಒಂದು ವಾರ ಕೋಪ ಇತ್ತು. ಸರಣಿ ಕೂಡ ಅವನನ್ನು ಸುಮ್ನೆ ಬಿಡಲ್ಲ. ಆ ಕಳ್ಳತನ ಸರಿ ಅಂತ ಎಲ್ಲೂ ಹೇಳಲ್ಲ. ನಾನು ಇದನ್ನು ಮೆಚ್ಚೋದು ಅದಕ್ಕೇ.

‘ಮೂರು ಭಾಷೆ’ ಅವರೇ, ನಿಮ್ಮ ಮಾತೇ ಕೇಳಿದೆ. ಶನಿವಾರ, ಭಾನುವಾರ ‘ಟೆರ್ರಾ ಪ್ರೈಮ್’ ವರೆಗೆ ಮುಗಿಸಿದೆವು. ಟ್ರಿಪ್ ಮತ್ತು ಟಿಪಾಲ್ ಇಬ್ಬರ ಡಿಎನ್‌ಎ ಕದ್ದು ಬೆಳೆಸಿದ ಮಗು ಉಳಿಯಲ್ಲ. ಅದಕ್ಕೆ ಟ್ರಿಪ್‌ನ ತಂಗಿಯ ಹೆಸರನ್ನೇ ಇಟ್ಟಿರುತ್ತಾರೆ, ಎಲಿಜಬೆತ್. ಕೊನೆಗೆ ಅವನು ಅಳುತ್ತಾ, ತಪ್ಪು ಮಗುವನ್ನು ಬೆಳೆಸಿದ ರೀತಿಯಲ್ಲಿತ್ತು, ಮನುಷ್ಯ ಮತ್ತು ವಲ್ಕನ್ ಸೇರಿದರೆ ಮಗು ಚೆನ್ನಾಗಿಯೇ ಇರುತ್ತದಂತೆ ಅನ್ನುತ್ತಾನೆ. ಇಬ್ಬರೂ ಕೈ ಹಿಡಿದುಕೊಳ್ಳುತ್ತಾರೆ. ನಾನು ಅನುವಾದ ಮಾಡಲಿಲ್ಲ. ಅಪ್ಪ ಕೇಳಲೂ ಇಲ್ಲ.

ಪರದೆಯಲ್ಲಿ ಮುಂದಿನದು ಬರೋಕೆ ಶುರುವಾಯಿತು. ನಿಲ್ಲಿಸಿದೆ. ‘ಅಪ್ಪಾ, ಇನ್ನೊಂದಿದೆ. ಅದರಲ್ಲಿ ಟ್ರಿಪ್ ಹೋಗ್ತಾನೆ. ನೋಡ್ತೀರಾ?’ ಅಂದೆ. ಹೇಗೆ ಅಂತ ಕೇಳಿದರು, ಹೇಳಿದೆ. ಯಾವ ಪೈಪು, ಎಲ್ಲಿಂದ ಎಲ್ಲಿಗೆ ಜೋಡಿಸಿದ, ಅವನ ಹಿಂದೆ ಬಾಗಿಲಿತ್ತಾ ಅಂತೆಲ್ಲ ವಿಚಾರಿಸಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹತ್ತು ವರ್ಷ ಅದೇ ಎಂಜಿನ್ ಜೊತೆ ಇದ್ದವನಿಗೆ ಬೇರೆ ದಾರಿ ಕಾಣ್ತಿತ್ತು ಕಣಮ್ಮಾ. ಇದನ್ನು ಬರೆದವರಿಗೆ ಎಂಜಿನ್ ಗೊತ್ತಿಲ್ಲ’ ಅಂದರು.

ಆಮೇಲೆ ಮೊದಲ ಸೀಸನ್‌ನದು ಒಂದು ಕೇಳಿದರು. ಟ್ರಿಪ್ ಮತ್ತು ಹಡಗಿನ ಶಸ್ತ್ರಾಸ್ತ್ರ ಅಧಿಕಾರಿ ರೀಡ್ ಇಬ್ಬರೇ ಪುಟ್ಟ ಶಟಲ್‌ನಲ್ಲಿ ಸಿಕ್ಕಿಕೊಂಡು, ಗಾಳಿ ಮುಗಿಯುತ್ತಾ ಬಂದಾಗ ಇರುವ ಒಂದೇ ಎಂಜಿನ್ನನ್ನು ಕಳಚಿ ದೂರ ಬಿಟ್ಟು ಸಿಡಿಸುತ್ತಾರಲ್ಲ, ಆ ಬೆಳಕು ನೋಡಿಯಾದರೂ ಹಡಗು ಬರಲಿ ಅಂತ. ಅದು. ನಾಳೆ ಊಟ ಆದ ಮೇಲೆ ಅದನ್ನೇ ಹಾಕುತ್ತಿದ್ದೇನೆ.