ಪುಟ್ಟ ತೆರೆದಿಟ್ಟು ಹೋದ ನಲ್ಲಿಯ ವಿಷಯವಾಗಿ

ಮಗಳೇ, ನಿನ್ನ ಸಂದೇಶವನ್ನು ಬೆಳಿಗ್ಗೆಯೇ ಓದಿದೆ. ಇಷ್ಟುದ್ದ ಟೈಪ್ ಮಾಡುವ ತಾಳ್ಮೆ ನನ್ನ ಬೆರಳುಗಳಿಗಿಲ್ಲವಾದ್ದರಿಂದ ಮಾತಿನಲ್ಲೇ ಹೇಳುತ್ತಿದ್ದೇನೆ. ನಮ್ಮ ಮನೆಯವರ ಗುಂಪಿನ ಉಳಿದವರೂ ಸಾವಕಾಶವಾಗಿ ಕೇಳಲಿ. ಆರು ವರ್ಷದ ಪುಟ್ಟ ಕೈ ತೊಳೆಯಲು ಯುಟಿಲಿಟಿಯ ನಲ್ಲಿ ತಿರುಗಿಸಿದ್ದಾನೆ, ನೀರು ಬಾರದ್ದರಿಂದ ಹಾಗೆಯೇ ಬಿಟ್ಟು ಶಾಲೆಗೆ ಹೋಗಿದ್ದಾನೆ. ಮಧ್ಯಾಹ್ನ ಕಾವೇರಿ ನೀರು ಬಂದು, ಮೋರಿಯ ಬಾಯಿಗೆ ನೆಲ ಒರೆಸುವ ಬಟ್ಟೆ ಸಿಕ್ಕಿಕೊಂಡಿದ್ದರಿಂದ ಅಡುಗೆಮನೆಯೆಲ್ಲ ತುಂಬಿ, ಮೆಟ್ಟಿಲಿಳಿದು ಕೆಳಗಿನ ಮನೆಯವರು ಜೋಡಿಸಿಟ್ಟಿದ್ದ ಪತ್ರಿಕೆಗಳ ಕಟ್ಟುಗಳನ್ನು ನೆನೆಸಿದೆ. ಕೇಳಿದರೆ ಅವನು "ನಾನಲ್ಲ" ಎಂದಿದ್ದಾನೆ. ಎರಡೇಟು ಹಾಕಬೇಕಿತ್ತೆಂದು ಒಬ್ಬರು, ಮಗುವಿಗೇನು ತಿಳಿಯುತ್ತದೆ ಎಂದು ಇನ್ನೊಬ್ಬರು ಈಗಾಗಲೇ ಬರೆದಿದ್ದಾರೆ.

ಏಳು ವರ್ಷ ತುಂಬದ ಮಗು ಮಾಡಿದ್ದು ಯಾವುದೂ ಅಪರಾಧವಲ್ಲವೆಂದು ನಮ್ಮ ವಕೀಲ ಚಿಕ್ಕಪ್ಪನವರು ಗುಂಪಿನಲ್ಲಿ ಹಾಕಿದ್ದು ಸರಿ. ಈಗಿನ ಅಪರಾಧ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯ 20ನೆಯ ಕಲಮು ಅದನ್ನೇ ಹೇಳುತ್ತದೆ, 1860ರ ಹಳೆಯ ದಂಡ ಸಂಹಿತೆಯಲ್ಲೂ ಹೀಗೆಯೇ ಇತ್ತು. ಆದರೆ ಅವರು ಮುಂದಿನ 21ನೆಯ ಕಲಮನ್ನೂ ಓದಿ ಹೇಳಬೇಕಿತ್ತು. ಏಳು ದಾಟಿ ಹನ್ನೆರಡು ತುಂಬದ ಮಗುವಿಗೆ, ತಾನು ಮಾಡಿದ್ದು ಎಂಥದ್ದು, ಅದರಿಂದ ಏನಾಗುತ್ತದೆ ಎಂದು ಅರಿಯುವಷ್ಟು ತಿಳುವಳಿಕೆ ಬಂದಿತ್ತೇ ಎಂದು ಕಾನೂನು ಅಲ್ಲಿ ವಿಚಾರಿಸುತ್ತದೆ. ಆ ತಿಳುವಳಿಕೆ ಏಳನೆಯ ಹುಟ್ಟುಹಬ್ಬದ ಕೇಕಿನೊಡನೆ ಮನೆಗೆ ಬರುವುದಿಲ್ಲವಲ್ಲ. ಈಗಿನಿಂದಲೇ ಅದಕ್ಕೆ ನೀರೆರೆಯಬೇಕು.

ಅವನ "ನಾನಲ್ಲ" ಎಂಬ ಮಾತಿಗೆ ನನಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ. ಅವನು ಹೆಜ್ಜೆಯಿಡಲು ಕಲಿಯುತ್ತಿದ್ದಾಗ ಬಾಗಿಲಿಗೆ ತಲೆ ತಗುಲಿಸಿಕೊಂಡು ಅತ್ತರೆ ನಾವೆಲ್ಲ ಏನು ಮಾಡುತ್ತಿದ್ದೆವು? "ಈ ಬಾಗಿಲೇ ತಾನೆ ಪುಟ್ಟನಿಗೆ ಹೊಡೆದದ್ದು" ಎಂದು ಬಾಗಿಲಿಗೆ ಎರಡೇಟು ಕೊಡುತ್ತಿದ್ದೆವು. ಎಲ್ಲರಿಗಿಂತ ಜೋರಾಗಿ ಹೊಡೆಯುತ್ತಿದ್ದವಳು ನಾನೇ. ತಪ್ಪು ಯಾವಾಗಲೂ ಬೇರೆಯವರದು ಎಂಬ ಪಾಠ ಅಲ್ಲಿಯೇ ಆಗಿಹೋಗಿದೆ. ಜೊತೆಗೆ ಬಾಯಿ ತೆರೆದರೆ "ಹುಷಾರು, ಹುಷಾರು" ಎನ್ನುತ್ತೇವೆ. ಆ ಪದದಲ್ಲಿ ಮಗು ಮಾಡಬೇಕಾದದ್ದು ಏನೂ ಇಲ್ಲ. "ನೀರು ಬಾರದಿದ್ದರೂ ನಲ್ಲಿಯನ್ನು ತಿರುಗಿಸಿ ಮುಚ್ಚು" ಎಂದು ನಮ್ಮಲ್ಲಿ ಯಾರಾದರೂ ಅವನ ಕೈ ಹಿಡಿದು ತೋರಿಸಿದ್ದೆವೇ? ನೀರು ಕಾಣದ ನಲ್ಲಿ ಅವನ ಲೆಕ್ಕದಲ್ಲಿ ಮುಚ್ಚಿದ ನಲ್ಲಿಯೇ.

ಆದ್ದರಿಂದ ಹೊಡೆಯುವುದೂ ಬೇಡ, ಹೋಗಲಿ ಬಿಡು ಎನ್ನುವುದೂ ಬೇಡ. ಕೆಟ್ಟದ್ದನ್ನು ಸರಿಪಡಿಸುವ ಕೆಲಸದಲ್ಲಿ ಅವನ ವಯಸ್ಸಿಗೆ ತಕ್ಕ ಪಾಲನ್ನು ಅವನಿಗೇ ಕೊಡು. ಅವನನ್ನು ಕೆಳಗೆ ಕರೆದುಕೊಂಡು ಹೋಗು, ಕ್ಷಮೆಯನ್ನು ಅವನ ಬಾಯಿಂದಲೇ ಕೇಳಿಸು, ಒದ್ದೆಯಾದ ಪತ್ರಿಕೆಗಳನ್ನು ತಾರಸಿಯ ಮೇಲೆ ಹರಡಲು ಅವನೂ ಕೈಜೋಡಿಸಲಿ. ಆ ನೀರು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, 500 ಮೀಟರಿನಷ್ಟು ಎತ್ತರಕ್ಕೆ ಪಂಪುಗಳ ಬಲದಿಂದ ಹತ್ತಿ ನಮ್ಮ ಬೆಂಗಳೂರಿಗೆ ಬರುತ್ತದೆಂದು ಅವನಿಗೆ ಕಥೆಯಂತೆ ಹೇಳು. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ ಜಲಮಂಡಳಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತೆಂಬುದನ್ನು ಮಾತ್ರ ಗದರಿಸುವುದಕ್ಕೆ ಬಳಸಬೇಡ.

ಇನ್ನೊಂದು, ಅವನದೇ ಎನ್ನುವಂಥ ಒಂದು ಕೆಲಸ ಮನೆಯಲ್ಲಿರಲಿ. ನಿನ್ನ ಅಕ್ಕ ಚಿಕ್ಕವಳಿದ್ದಾಗ ರಾತ್ರಿ ಹಾಲಿನ ಚೀಲವನ್ನು ಗೇಟಿಗೆ ತೂಗುಹಾಕುವುದು ಅವಳ ಪಾಲಿಗಿತ್ತು. ಅವಳು ಮರೆತಾಗಲೆಲ್ಲ ನಾನೇ ಗುಟ್ಟಾಗಿ ಹೋಗಿ ಹಾಕಿ ಬರುತ್ತಿದ್ದೆ. ಎರಡು ವಾರ ಕಳೆಯುವಷ್ಟರಲ್ಲಿ ಆ ಕೆಲಸ ನನ್ನದಾಗಿತ್ತು, ಮೆಚ್ಚುಗೆ ಅವಳದಾಗಿತ್ತು. ಕೊನೆಗೊಂದು ರಾತ್ರಿ ಮನಸ್ಸು ಗಟ್ಟಿ ಮಾಡಿ ಸುಮ್ಮನೆ ಮಲಗಿದೆ. ಬೆಳಿಗ್ಗೆ ಹಾಲಿಲ್ಲ, ನಿಮ್ಮ ದೊಡ್ಡಪ್ಪ ಕರಿ ಕಾಫಿಯನ್ನು ಮುಖ ಕಿವುಚಿಕೊಂಡು ಕುಡಿದರೇ ಹೊರತು ಒಂದು ಮಾತೂ ಆಡಲಿಲ್ಲ. ಅವಳು ಲೋಟವನ್ನೊಮ್ಮೆ, ಅವರ ಮುಖವನ್ನೊಮ್ಮೆ ನೋಡಿದಳು. ಆಮೇಲೆಯೂ ಮರೆತಿದ್ದುಂಟು, ಇಲ್ಲವೆನ್ನುವುದಿಲ್ಲ. ಆದರೆ ಮರೆತ ದಿನ ತಾನೇ ಬಂದು ಹೇಳುತ್ತಿದ್ದಳು.

ಆದರೆ ಗ್ಯಾಸ್ ಒಲೆ, ಬಾಲ್ಕನಿಯ ಕಂಬಿ, ರಸ್ತೆ ದಾಟುವುದು, ಸಂಪು, ಇವುಗಳಲ್ಲಿ ಪೆಟ್ಟು ತಿಂದು ಕಲಿಯಲಿ ಎಂಬ ಮಾತೇ ಸಲ್ಲದು. ಅಲ್ಲಿ ಎಚ್ಚರ ಪೂರ್ತಿಯಾಗಿ ನಮ್ಮದು. ಕಳೆದ ಬಾರಿ ಬಂದಾಗ ನಿಮ್ಮ ಸಂಪಿನ ಮುಚ್ಚಳಕ್ಕೆ ಬೀಗವಿರಲಿಲ್ಲ, ಮೇಲೊಂದು ಹೂಕುಂಡ ಇಟ್ಟಿದ್ದಿರಿ. ಪುಟ್ಟನಿಗೆ ನಲ್ಲಿಯ ಪಾಠ ಹೇಳುವ ಮೊದಲು ಅಳಿಯಂದಿರಿಗೆ ಹೇಳಿ ಆ ಬೀಗ ಹಾಕಿಸು. ಮೋರಿಯ ಮೇಲೆ ಬಟ್ಟೆ ಬಿಟ್ಟವರು ಯಾರೆಂದು ನಾನು ಕೇಳುವುದಿಲ್ಲ. ಆದರೆ ಅದು ನೀನೇ ಆಗಿದ್ದರೆ ಅವನ ಎದುರಿನಲ್ಲೇ ಒಪ್ಪಿಕೊಂಡುಬಿಡು, ಅವನಿಗೂ ಒಪ್ಪಿಕೊಳ್ಳುವುದು ಹಗುರವಾಗುತ್ತದೆ.

ಕೆಳಗಿನ ಮನೆಯವರು ಎಂಟಕ್ಕೆಲ್ಲ ಊಟ ಮುಗಿಸಿ ಮಲಗುತ್ತಾರೆಂದು ನೀನೇ ಹೇಳಿದ್ದೆ. ಇವತ್ತೇ ಏಳರೊಳಗೆ ಅವನನ್ನು ಕರೆದುಕೊಂಡು ಹೋಗಿ ಬಾ.