ಹಾವು ಕಚ್ಚಿದಾಗ ಕೊಡುವ ಔಷಧ ಕುದುರೆಯಿಂದ ಬರುತ್ತದೆಯೇ?

ರೇಖಾ, ತುರಹಳ್ಳಿ:
ನಮ್ಮ ಬಡಾವಣೆ ತುರಹಳ್ಳಿ ಕಾಡಿನ ಅಂಚಿನಲ್ಲಿದೆ. ಹೋದ ವಾರ ರಾತ್ರಿ ಪಾಳಿಯ ಕಾವಲುಗಾರರಿಗೆ ಕೊಳಕುಮಂಡಲ ಕಚ್ಚಿತು. ಈಗ ಚೇತರಿಸಿಕೊಳ್ಳುತ್ತಿದ್ದಾರೆ. ಯಾವ ಹಾವು ಕಚ್ಚಿದರೂ ಔಷಧ ಒಂದೇ, ಅದನ್ನು ಕುದುರೆಯ ರಕ್ತದಿಂದ ಮಾಡುತ್ತಾರೆ ಎಂದರು ಆಸ್ಪತ್ರೆಯವರು. ನಿಜವೇ? ಬಾಟಲಿಯ ಮೇಲೆ ಬಾಟಲಿ ಏರಿಸಿದ್ದು ಏಕೆ?

ಲಾಯದ ಡಾಕ್ಟರು, ವಿಜಯನಗರ:
ನಿಜ, ರೇಖಾ ಅವರೇ, ಆದರೆ ಔಷಧ ಒಂದೇ ಎಂಬ ಮಾತು ನಾಲ್ಕು ಹಾವುಗಳ ಮಟ್ಟಿಗೆ ಮಾತ್ರ. ನಾನು ಪಶುವೈದ್ಯ. ಈ ಔಷಧ ತಯಾರಿಸುವ ಕಂಪನಿಯೊಂದರ ಲಾಯದಲ್ಲಿ ದುಡಿದು ನಿವೃತ್ತನಾದವನು. ಹಾಗಾಗಿ ಕುದುರೆಗಳ ಪರವಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಮ್ಮ ದೇಶದ ಔಷಧಕ್ಕೆ ಬಳಸುವುದು ನಾಲ್ಕು ಹಾವುಗಳ ವಿಷ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಬಹುಪಾಲು ವಿಷ ಬರುವುದು ಹಾವು ಹಿಡಿಯುವುದರಲ್ಲಿ ಪಳಗಿದ ಇರುಳ ಬುಡಕಟ್ಟಿನವರು ಚೆನ್ನೈ ಬಳಿ ನಡೆಸುವ ಸಹಕಾರ ಸಂಘದಿಂದ. 1978ರಲ್ಲಿ ಆರಂಭವಾದ ಸಂಘ ಅದು. ಹಿಡಿದ ಹಾವನ್ನು ಮಣ್ಣಿನ ಮಡಕೆಯಲ್ಲಿಟ್ಟು, ಕೆಲವು ವಾರ ವಿಷ ತೆಗೆದು, ಹೊಟ್ಟೆಯ ಹುರುಪೆ ಕತ್ತರಿಸಿ ಗುರುತು ಮಾಡಿ, ಮತ್ತೆ ಕಾಡಿಗೆ ಬಿಡುತ್ತಾರೆ.

ಆ ವಿಷವನ್ನು ಕುದುರೆಯ ಚರ್ಮದಡಿಗೆ ಮೊದಲು ಅತ್ಯಲ್ಪವಾಗಿ, ಆಮೇಲೆ ಹಂತಹಂತವಾಗಿ ಹೆಚ್ಚಿಸಿ ಚುಚ್ಚುತ್ತೇವೆ. ಇದು ತಿಂಗಳುಗಟ್ಟಲೆಯ ಕೆಲಸ. ಚುಚ್ಚಿದಲ್ಲಿ ಗಂಟು ಕಟ್ಟುತ್ತದೆ, ಕೆಲವೊಮ್ಮೆ ಕೀವಾಗುತ್ತದೆ. ಮರುದಿನ ಬೆಳಿಗ್ಗೆ ಅಂಗೈಯಿಂದ ಸವರಿ ನೋಡಿ, ಬಿಸಿಯಿದ್ದರೆ ಮುಂದಿನ ಚುಚ್ಚುಮದ್ದು ಮುಂದಕ್ಕೆ ಹೋಗುತ್ತದೆ. ವಿಷವನ್ನು ಎದುರಿಸಲು ಕುದುರೆಯ ಮೈ ತಾನೇ ತಯಾರಿಸುವ ಪ್ರತಿಕಾಯಗಳು ರಕ್ತದಲ್ಲಿ ಸಾಕಷ್ಟು ಏರಿದ ಮೇಲೆ ಕುತ್ತಿಗೆಯ ರಕ್ತನಾಳದಿಂದ ರಕ್ತ ತೆಗೆಯುತ್ತೇವೆ. ಹೆಪ್ಪುಗಟ್ಟದಂತೆ ಮದ್ದು ಬೆರೆಸಿ ಸುಮ್ಮನೆ ಇಟ್ಟರೆ ಸಾಕು, ಕುದುರೆಯ ರಕ್ತದ ಕೆಂಪುಕಣಗಳು ಬಲು ಬೇಗ ತಳ ಸೇರಿ ಮೇಲೆ ತಿಳಿ ಹಳದಿ ಪ್ಲಾಸ್ಮಾ ನಿಲ್ಲುತ್ತದೆ. ಕೆಂಪುಕಣಗಳನ್ನು ಲವಣದ ದ್ರಾವಣದಲ್ಲಿ ಕಲಸಿ ಅದೇ ಕುದುರೆಗೆ ಹಿಂತಿರುಗಿಸುತ್ತೇವೆ. ನಾಗರ ಪಂಚಮಿಯಂದು ಹುತ್ತಕ್ಕೆ ಹಾಲೆರೆಯುವವರು ಈ ಪ್ರಾಣಿಗಳಿಗೂ ಒಂದು ಬೊಗಸೆ ಹುರುಳಿ ಕೊಟ್ಟರೆ ತಪ್ಪೇನಿಲ್ಲ.

ಮುಂದೆ ಆ ಪ್ಲಾಸ್ಮಾಕ್ಕೆ ಪೆಪ್ಸಿನ್ ಎಂಬ ಜೀರ್ಣಕಾರಿ ಕಿಣ್ವ ಹಾಕಿ, ಅದರಲ್ಲಿರುವ ಪ್ರತಿಕಾಯದ ಬಾಲವನ್ನು ಕತ್ತರಿಸುತ್ತಾರೆ. ರೋಗಿಯ ಮೈ ಕೆರಳಿಸುವುದರಲ್ಲಿ ಆ ಬಾಲದ ಪಾಲೂ ಇದೆ. ಆದರೂ ಅಲರ್ಜಿ ಪೂರ್ತಿ ತಪ್ಪುವುದಿಲ್ಲ.

ಇನ್ನು ಬಾಟಲಿಗಳ ಲೆಕ್ಕ. 10 ಮಿಲಿ ಬಾಟಲಿಯೊಂದು ಕೊಳಕುಮಂಡಲದ 6 ಮಿಲಿಗ್ರಾಂ ವಿಷವನ್ನು ನಿಷ್ಕ್ರಿಯಗೊಳಿಸಬೇಕು ಎಂಬುದು ನಿಯಮ. ಆ ಹಾವು ಒಮ್ಮೆ ಕಚ್ಚಿದರೆ ಸರಾಸರಿ 60 ಮಿಲಿಗ್ರಾಂ ಆಸುಪಾಸು ಇಳಿಸುತ್ತದೆ. ಹತ್ತು ಬಾಟಲಿ ಅಲ್ಲಿಗೇ ಹೋಯಿತು. ಮಗುವಿಗೆ ಕಚ್ಚಿದರೂ ಪ್ರಮಾಣ ಅಷ್ಟೇ, ಏಕೆಂದರೆ ಹಾವು ವಯಸ್ಸು ನೋಡಿ ವಿಷ ಬಿಡುವುದಿಲ್ಲ. ಬಾಟಲಿಯಲ್ಲಿರುವ ಪ್ರತಿಕಾಯಗಳಲ್ಲಿ ವಿಷಕ್ಕೆ ಸಂಬಂಧಪಟ್ಟವು ಸಣ್ಣ ಪಾಲು ಮಾತ್ರ. ಉಳಿದವು ಆ ಕುದುರೆ ಬದುಕಿನಲ್ಲಿ ಕಂಡ ಧೂಳು, ರೋಗಾಣುಗಳ ವಿರುದ್ಧದವು.

ಶಶಿಕಲಾ, ತುರ್ತು ವಿಭಾಗದ ನರ್ಸ್:
ಸರ್ ಹೇಳಿದ ಲೆಕ್ಕಕ್ಕೆ ಒಂದು ಸೇರಿಸುತ್ತೇನೆ. ಮಂಡಲದ ವಿಷ ರಕ್ತ ಹೆಪ್ಪುಗಟ್ಟುವುದನ್ನು ಕೆಡಿಸುತ್ತದೆ. ನಾವು ಸ್ವಲ್ಪ ರಕ್ತವನ್ನು ಒಣಗಿದ ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು, ಬಾಗಿಸಿ ನೋಡುತ್ತೇವೆ. ನೀರಿನಂತೆ ಹರಿದರೆ ವಿಷ ಏರಿದೆ ಎಂದರ್ಥ. ಕೊಳವೆ ಪ್ಲಾಸ್ಟಿಕ್ ಆಗಿದ್ದರೆ, ಸೋಪಿನಿಂದ ತೊಳೆದದ್ದಾಗಿದ್ದರೆ ಫಲಿತಾಂಶ ನಂಬುವಂತಿಲ್ಲ. ಔಷಧ ಕೊಟ್ಟು ಆರು ಗಂಟೆ ಬಿಟ್ಟು ಮತ್ತೆ ಅದೇ ಪರೀಕ್ಷೆ. ದಯವಿಟ್ಟು ಹಾವನ್ನು ಹೊಡೆದು ಚೀಲದಲ್ಲಿ ತರಬೇಡಿ, ಸತ್ತ ಹಾವೂ ಕಚ್ಚಬಹುದು.

ಪ್ರಸನ್ನ, ಜಯನಗರ:
ಡಾಕ್ಟ್ರೇ, ನಮ್ಮ ಕಾಫಿ ತೋಟ ಮೂಡಿಗೆರೆ ಕಡೆ ಇದೆ. ಮೂಗು ಮೇಲೆದ್ದ ಪುಟ್ಟ ಗುಳಿಮಂಡಲಗಳು ತರಗೆಲೆಯಲ್ಲಿ ಬೇಕಾದಷ್ಟಿವೆ. ಅದಕ್ಕೂ ಇದೇ ಔಷಧವೇ? ಕುದುರೆಯೇ ಬೇಡದ ಔಷಧ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ತಯಾರಾಗಿದೆಯಂತೆ?

ಲಾಯದ ಡಾಕ್ಟರು, ವಿಜಯನಗರ:
ಪ್ರಸನ್ನ ಅವರೇ, ಕುದುರೆ ಕಾಣದ ವಿಷಕ್ಕೆ ಕುದುರೆ ಮದ್ದು ಮಾಡಲಾರದು. ನಿಮ್ಮ ಗುಳಿಮಂಡಲ ಆ ನಾಲ್ಕರಲ್ಲಿ ಇಲ್ಲ, ಆದ್ದರಿಂದ ಈ ಔಷಧ ಅದಕ್ಕೆ ನಾಟುವುದಿಲ್ಲ. ನಾಲ್ಕರ ಒಳಗೂ ತಕರಾರಿದೆ: ಒಂದೇ ಜಾತಿಯ ಹಾವಿನ ವಿಷ ಊರಿಂದ ಊರಿಗೆ ಬದಲಾಗುತ್ತದೆ. ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ಪ್ರಯೋಗಾಲಯ ಇದನ್ನೇ ಬೆನ್ನುಹತ್ತಿದೆ. ಬೇರೆಬೇರೆ ಸೀಮೆಯ ವಿಷಗಳನ್ನು ಕಲೆಹಾಕಿ ಕುದುರೆಗೆ ಕೊಡುವುದು ನನ್ನ ಪ್ರಕಾರ ಮೊದಲು ಆಗಬೇಕಾದ ಕೆಲಸ, ಅದಕ್ಕೆ ಹೊಸ ವಿಜ್ಞಾನವೂ ಬೇಕಾಗಿಲ್ಲ.

ನೀವು ಓದಿದ ಸುದ್ದಿ 2024ರದು. ಅದೇ ಪ್ರಯೋಗಾಲಯ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಜೊತೆ ಸೇರಿ ಕೃತಕ ಮಾನವ ಪ್ರತಿಕಾಯವೊಂದನ್ನು ರೂಪಿಸಿತು. ನಾಗರಹಾವು, ಕಟ್ಟುಹಾವು, ಆಫ್ರಿಕಾದ ಮಾಂಬಾಗಳಲ್ಲಿರುವ ಒಂದು ಬಗೆಯ ನರವಿಷವನ್ನು ಅದು ತಡೆಯುತ್ತದೆ. ಪ್ರಯೋಗ ನಡೆದದ್ದು ಇಲಿಗಳ ಮೇಲೆ. ಕೆಲಸ ದೊಡ್ಡದು, ಆದರೆ ಮಂಡಲಗಳ ವಿಷದ ದಾರಿಯೇ ಬೇರೆ. ಲಾಯ ಖಾಲಿ ಮಾಡುವ ಕಾಲ ಇನ್ನೂ ಬಂದಿಲ್ಲ.

ಗುಳಿಮಂಡಲ ಕಚ್ಚಿದರೆ ಕೆಲವರ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ತೋಟದಿಂದ ಹತ್ತಿರದಲ್ಲಿ ಡಯಾಲಿಸಿಸ್ ಇರುವ ಆಸ್ಪತ್ರೆ ಯಾವುದೆಂದು ಈಗಲೇ ವಿಚಾರಿಸಿಟ್ಟುಕೊಳ್ಳಿ. ಕೆಲಸದವರಿಗೆ ಗಂಬೂಟು ಕೊಡಿಸಿ, ಅದರ ಖರ್ಚು ನಿಮ್ಮದೇ ಇರಲಿ.