ಸಹಾಯ ಬೇಕು: ಎರಡನೇ ವರ್ಷಕ್ಕೆ ಮೈಸೂರಿಗೆ ಹೋಗಲಾ, ಇಲ್ಲೇ ಮುಗಿಸಲಾ?

ಎಲ್ಲರಿಗೂ ನಮಸ್ಕಾರ. ನಾನು ಮಲೆನಾಡಿನ ಒಂದು ಸರ್ಕಾರಿ ಕಾಲೇಜಿನಲ್ಲಿ ಬಿಎಸ್ಸಿ ಓದುತ್ತಿದ್ದೇನೆ, ಫಿಸಿಕ್ಸ್ ಮತ್ತು ಮ್ಯಾಥ್ಸ್. ಎರಡನೇ ಸೆಮಿಸ್ಟರ್ ಪರೀಕ್ಷೆ ಈಗಷ್ಟೇ ಮುಗಿಯಿತು. ಮೈಸೂರಿನ ಯುವರಾಜ ಕಾಲೇಜಿಗೆ ಸೇರಬೇಕು ಅಂತ ತುಂಬಾ ಆಸೆ. ಆದರೆ ಅದು ಮೈಸೂರು ವಿವಿಯದು, ನಮ್ಮದು ಬೇರೆ ವಿವಿ.

ಇಲ್ಲಿ ಫಿಸಿಕ್ಸ್‌ಗೆ ಇರುವುದು ಒಬ್ಬರೇ ಅತಿಥಿ ಉಪನ್ಯಾಸಕರು. ಪಾಠ ಬಹಳ ಚೆನ್ನಾಗಿ ಮಾಡುತ್ತಾರೆ, ಅದನ್ನು ಹೇಳಲೇಬೇಕು. ಲ್ಯಾಬ್‌ನದ್ದೇ ಕಷ್ಟ. ಇರುವುದು ಒಂದೇ ಸ್ಪೆಕ್ಟ್ರೋಮೀಟರ್, ನಾವು ಹದಿನೆಂಟು ಜನ. ನನ್ನ ಸರದಿ ಬರುವಷ್ಟರಲ್ಲಿ ಬೆಲ್ ಹೊಡೆದಿರುತ್ತದೆ. ಎಷ್ಟೋ ಸಲ ಪಕ್ಕದವಳ ರೀಡಿಂಗ್ ನೋಡಿಯೇ ರೆಕಾರ್ಡ್ ಬರೆದಿದ್ದೇನೆ. ಮುಂದೆ ಎಂಎಸ್ಸಿ ಮಾಡುವವಳಿಗೆ ಇದು ಸಾಲದು ಅಲ್ವಾ?

ಅಪ್ಪ ಹೋಗು ಅಂತಾರೆ. ಹಾಸ್ಟೆಲ್ ಸಿಗದೆ ಪಿಜಿ ಹಿಡಿಯಬೇಕಾದರೆ ಖರ್ಚು ಜಾಸ್ತಿ ಅಂತ ಅಮ್ಮನಿಗೆ ಚಿಂತೆ.

ಹೀಗೆ ಡಿಗ್ರಿ ಮಧ್ಯೆ ವಿವಿ ಬದಲಿಸಿದವರು ಇದ್ದರೆ ದಯವಿಟ್ಟು ಹೇಳಿ. ಸಿಲಬಸ್ ಹೊಂದದೆ ಮೊದಲ ವರ್ಷದ ಪೇಪರ್ ಮತ್ತೆ ಬರೆಯಬೇಕಾಯಿತಾ? ಎಬಿಸಿ ಖಾತೆಯಲ್ಲಿ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ಪಾಸಾದ ಪೇಪರ್‌ಗಳ ಕ್ರೆಡಿಟ್ ಜಮಾ ಆಗುವ ಆನ್‌ಲೈನ್ ಖಾತೆ) ಕ್ರೆಡಿಟ್ ಬಂದಿದ್ದರೆ ಅಲ್ಲಿ ಒಪ್ಪಿಕೊಂಡರಾ? ನನಗೆ ರಾತ್ರಿ ನಿದ್ದೆ ಕೆಡಿಸುತ್ತಿರುವುದು ಒಂದೇ. ಇಲ್ಲಿ ಟಿಸಿ, ಮೈಗ್ರೇಷನ್ ಸರ್ಟಿಫಿಕೇಟ್ (ಬೇರೆ ವಿವಿಗೆ ಸೇರಲು ನಮ್ಮ ವಿವಿ ಕೊಡುವ ಪತ್ರ) ತೆಗೆದುಕೊಂಡ ಮೇಲೆ ಅಲ್ಲಿ ಸೀಟಿಲ್ಲ ಅಂದುಬಿಟ್ಟರೆ? ನೀವು ಯಾವುದನ್ನು ಮೊದಲು ಮಾಡಿದಿರಿ?